ಕಾರಣ ಹೇಳದ ಸೇಡು

ಓದುಗರ ಪತ್ರ: ನನ್ನ ಕಥೆಯನ್ನು ‘ಭಯ ಹುಟ್ಟಲಿಲ್ಲ’ ಎಂಬ ಎರಡೇ ಪದ ಬರೆದು ಹಿಂತಿರುಗಿಸಿದ್ದೀರಿ. ಪಾಳುಮನೆ, ಅಮಾವಾಸ್ಯೆ, ಗೂಬೆ ಎಲ್ಲವೂ ಅದರಲ್ಲಿವೆ. ಅಣ್ಣನ ಮೇಲೆ ತಮ್ಮ ಯಾಕೆ ಸೇಡು ತೀರಿಸಿಕೊಂಡ ಎಂಬುದನ್ನು ಮೂರು ಪುಟ ವಿವರಿಸಿದ್ದೇನೆ. ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ ತನ್ನ ‘ದಿ ಕ್ಯಾಸ್ಕ್ ಆಫ್ ಅಮೊಂಟಿಲಾಡೊ’ ಕಥೆಯಲ್ಲಿ ಕಾರಣವನ್ನೇ ಹೇಳುವುದಿಲ್ಲ. ಆದರೂ ಅದನ್ನು ಎಲ್ಲರೂ ಹೊಗಳುತ್ತಾರೆ. ಕಾರಣ ಹೇಳದಿರುವುದು ದೋಷವಲ್ಲವೇ?
— ಸಾಗರ ತಾಲ್ಲೂಕಿನ ಓದುಗರು (ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ)

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದು. ಹದಿನಾಲ್ಕು ಪುಟ ಬರೆದವರಿಗೆ ಎರಡು ಪದದ ಉತ್ತರ ಸಾಲದು, ಕ್ಷಮಿಸಿ. ಪತ್ರದ ಜೊತೆ ನೀವು ಮತ್ತೆ ಕಳಿಸಿದ ಪ್ರತಿಯನ್ನು ಎರಡು ಸಲ ಓದಿದೆ. ಪೋ ಕಥೆಯನ್ನೂ ತೆಗೆದು ಓದಿದೆ.

ಆ ಕಥೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಅದು ಅಚ್ಚಾದದ್ದು 1846ರ ನವೆಂಬರಿನಲ್ಲಿ, ಫಿಲಡೆಲ್ಫಿಯಾದ ಒಂದು ಮಹಿಳಾ ಮಾಸಿಕದಲ್ಲಿ. ಇಟಲಿಯ ಯಾವುದೋ ಊರು, ಕಾರ್ನಿವಲ್ ಹಬ್ಬದ ಸಂಜೆ. ಮಾಂಟ್ರೆಸೊರ್ ಎಂಬ ಶ್ರೀಮಂತ, ಫಾರ್ಚುನಾಟೊ ಎಂಬ ಪರಿಚಿತನನ್ನು ಬೀದಿಯಲ್ಲಿ ಹಿಡಿಯುತ್ತಾನೆ. ಅಮೊಂಟಿಲಾಡೊ ಎಂಬ ಅಪರೂಪದ ದ್ರಾಕ್ಷಾರಸದ ಪೀಪಾಯಿ ಕೊಂಡಿದ್ದೇನೆ, ಅಸಲಿಯೋ ಅಲ್ಲವೋ ರುಚಿ ನೋಡಿ ಹೇಳು ಎಂದು ತನ್ನ ಮನೆಯ ನೆಲಮಾಳಿಗೆಗೆ ಕರೆದೊಯ್ಯುತ್ತಾನೆ. ವಂಶದ ಹಿರಿಯರ ಮೂಳೆಗಳನ್ನು ರಾಶಿ ಹಾಕಿರುವ ಜಾಗ ಅದು. ಅಲ್ಲಿ ಅವನನ್ನು ಗೋಡೆಗೆ ಸರಪಳಿಯಿಂದ ಬಿಗಿದು, ಎದುರಿಗೆ ಇನ್ನೊಂದು ಗೋಡೆ ಕಟ್ಟಿ, ಜೀವಂತ ಮುಚ್ಚುತ್ತಾನೆ.

ಈಗ ನಿಮ್ಮ ಗೂಬೆಯ ವಿಷಯಕ್ಕೆ ಬರುತ್ತೇನೆ. ಮಹಾಭಾರತದ ಸೌಪ್ತಿಕಪರ್ವವನ್ನು ನೆನೆಸಿಕೊಳ್ಳಿ. ಅಪ್ಪನನ್ನು ಕೊಂದವರ ಮೇಲೆ ಕುದಿಯುತ್ತಿರುವ ಅಶ್ವತ್ಥಾಮನಿಗೆ ನಿದ್ದೆ ಬರುವುದಿಲ್ಲ. ಕೃಪ, ಕೃತವರ್ಮ ಮಲಗಿದ್ದಾರೆ. ಆಲದ ಮರದಲ್ಲಿ ನಿದ್ದೆಹೋದ ಕಾಗೆಗಳ ಮೇಲೆ ಒಂದು ಗೂಬೆ ಸದ್ದಿಲ್ಲದೆ ಎರಗಿ ಕೊಲ್ಲುತ್ತದೆ. ಮಲಗಿದವರನ್ನು ಕೊಲ್ಲಬಹುದು ಎಂಬುದು ಅವನಿಗೆ ಹೊಳೆಯುವುದು ಆ ಗೂಬೆಯಿಂದ. ಅದು ಇಲ್ಲದಿದ್ದರೆ ಆ ರಾತ್ರಿಯ ಕೊಲೆಗಳೇ ಇಲ್ಲ. ನಿಮ್ಮ ಕಥೆಯ ಗೂಬೆ ಎರಡನೇ ಪುಟದಲ್ಲಿ ಒಮ್ಮೆ ಕೂಗಿ ಹಾರಿಹೋಗುತ್ತದೆ. ಅದನ್ನು ಹೊಡೆದುಹಾಕಿದರೆ ಕಥೆಯಲ್ಲಿ ಒಂದು ಎಳೆಯೂ ಸಡಿಲವಾಗುವುದಿಲ್ಲ.

ಗಾಥಿಕ್ ಎಂದು ಕರೆಯುವ, ಭಯ ಹುಟ್ಟಿಸುವ ಬರವಣಿಗೆಯನ್ನು ನಾವು ಹೆಚ್ಚಾಗಿ ಅಲಂಕಾರವೆಂದೇ ತಿಳಿದಿದ್ದೇವೆ. 1764ರಲ್ಲಿ ಇಂಗ್ಲೆಂಡಿನ ಹೊರೇಸ್ ವಾಲ್‌ಪೋಲ್ ಕೋಟೆ, ಸುರಂಗ, ಆಕಾಶದಿಂದ ಬೀಳುವ ದೈತ್ಯ ಶಿರಸ್ತ್ರಾಣಗಳನ್ನಿಟ್ಟು ಕಾದಂಬರಿ ಬರೆದಾಗಿನಿಂದ ಆ ಸಾಮಾನುಗಳ ಒಂದು ಸಂತೆಯೇ ನೆರೆದುಬಿಟ್ಟಿತು. ಕಾದಂಬರಿಯಲ್ಲಿ ಅವಕ್ಕೆ ಜಾಗವಿದೆ, ಸಣ್ಣಕಥೆಯಲ್ಲಿ ಇಲ್ಲ. ಒಂದೇ ಕೂತಿನಲ್ಲಿ ಓದಿ ಮುಗಿಸುವ ಕಥೆಯಲ್ಲಿ ಪ್ರತಿ ಪದವೂ ಒಂದೇ ಪರಿಣಾಮಕ್ಕೆ ದುಡಿಯಬೇಕೆಂದು ಪೋ 1842ರಲ್ಲಿ ಅಮೆರಿಕದ ಇನ್ನೊಬ್ಬ ಕಥೆಗಾರ ಹಾಥಾರ್ನ್‌ನ ಕಥೆಗಳ ವಿಮರ್ಶೆಯಲ್ಲಿ ವಾದಿಸಿದ್ದ. ನಾಲ್ಕು ವರ್ಷದ ನಂತರ ಈ ಕಥೆಯಲ್ಲಿ ಅದನ್ನು ಮಾಡಿ ತೋರಿಸಿದ.

ಆ ನೆಲಮಾಳಿಗೆಯಲ್ಲಿ ಏನೇನಿದೆ ನೋಡಿ. ಗೋಡೆಯ ಮೇಲೆ ಬೆಳ್ಳಗೆ ಪೆಟ್ಲುಪ್ಪು ಕಟ್ಟಿದೆ. ಅದರ ಗಾಳಿಗೆ ಫಾರ್ಚುನಾಟೊಗೆ ಕೆಮ್ಮು ಹೆಚ್ಚುತ್ತದೆ. ಕೆಮ್ಮಿದಾಗಲೆಲ್ಲ ಮಾಂಟ್ರೆಸೊರ್ ‘ನಿನ್ನ ಆರೋಗ್ಯ ಮುಖ್ಯ, ಬಾ, ವಾಪಸ್ ಹೋಗೋಣ’ ಎನ್ನುತ್ತಾನೆ. ಹಾಗೆನ್ನುವುದರಿಂದಲೇ ಫಾರ್ಚುನಾಟೊ ಇನ್ನಷ್ಟು ಒಳಕ್ಕೆ ನಡೆಯುತ್ತಾನೆ. ‘ಕೆಮ್ಮಿನಿಂದ ನಾನೇನೂ ಸಾಯುವುದಿಲ್ಲ’ ಎಂದು ಫಾರ್ಚುನಾಟೊ ಅಂದರೆ, ‘ನಿಜ, ನಿಜ’ ಎನ್ನುತ್ತಾನೆ ಇವನು. ನನಗೆ ಇಡೀ ಕಥೆಯಲ್ಲಿ ಮೈ ಜುಮ್ಮೆನ್ನುವುದು ಇಲ್ಲಿ, ಮೂಳೆರಾಶಿಯ ಎದುರಿನಲ್ಲಲ್ಲ. ಮೂಳೆಗಳಿಗೂ ಕೆಲಸವಿದೆ: ಗೋಡೆ ಕಟ್ಟುವ ಕಲ್ಲನ್ನು ಅವುಗಳ ಅಡಿಯಲ್ಲೇ ಮುಚ್ಚಿಟ್ಟಿದ್ದಾನೆ. ಕರಣೆ ಅವನ ನಿಲುವಂಗಿಯೊಳಗಿದೆ. ಹಬ್ಬಕ್ಕೆ ವಿದೂಷಕನ ವೇಷ ಹಾಕಿದ ಫಾರ್ಚುನಾಟೊನ ಟೋಪಿಗೆ ಗೆಜ್ಜೆ ಕಟ್ಟಿದೆ. ಆ ಗೆಜ್ಜೆಯನ್ನು ಪೋ ಕೊನೆಯ ಪುಟದವರೆಗೂ ಬಿಡುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ‘ಅವನು ನನಗೆ ಸಾವಿರ ನೋವು ಕೊಟ್ಟ, ಸಹಿಸಿಕೊಂಡೆ. ಕೊನೆಗೆ ಅವಮಾನ ಮಾಡಿದ, ಸೇಡಿನ ಶಪಥ ತೊಟ್ಟೆ’ ಎಂಬಷ್ಟರಲ್ಲಿ ಮಾಂಟ್ರೆಸೊರ್ ಮಾತು ಮುಗಿಸುತ್ತಾನೆ. ಯಾವ ನೋವು, ಯಾವ ಅವಮಾನ, ಒಂದನ್ನೂ ಹೇಳುವುದಿಲ್ಲ. ಹೇಳಿದ್ದರೆ ಏನಾಗುತ್ತಿತ್ತು? ನಾವು ತಕ್ಷಣ ಪಂಚಾಯಿತಿಗೆ ಕೂರುತ್ತಿದ್ದೆವು. ಆಸ್ತಿಗಾಗಿಯಾದರೆ ಇಷ್ಟು ಕ್ರೌರ್ಯ ಬೇಕಿತ್ತೇ, ಹೆಣ್ಣಿನ ಮಾನಕ್ಕಾಗಿಯಾದರೆ ಸರಿಯೇ ಎಂದು ತೂಗುತ್ತಿದ್ದೆವು. ತಕ್ಕಡಿ ಕೈಗೆ ಬಂದವನಿಗೆ ಭಯವಿಲ್ಲ. ಪೋ ಆ ತಕ್ಕಡಿಯನ್ನೇ ಕಿತ್ತುಕೊಂಡಿದ್ದಾನೆ. ಜೊತೆಗೆ, ಕಥೆ ಹೇಳುತ್ತಿರುವವನು ಯಾರಿಗೋ ‘ನನ್ನ ಸ್ವಭಾವ ಚೆನ್ನಾಗಿ ಬಲ್ಲ ನೀವು’ ಎನ್ನುತ್ತಾನೆ. ಅದು ಸಾವಿನ ಹಾಸಿಗೆಯ ಬಳಿ ಕೂತ ಪಾದ್ರಿಯಿರಬಹುದು, ನಾವೂ ಇರಬಹುದು. ಕೊಲೆಗಾರನ ಆಪ್ತರಾಗಿ, ಕಾರಣ ಗೊತ್ತಿಲ್ಲದೆ, ಅವನ ಹಿಂದೆಯೇ ಮೆಟ್ಟಿಲಿಳಿಯುತ್ತೇವೆ.

ಇನ್ನೊಂದು ಸಂಗತಿಯಿದೆ. ಸೇಡಿಗೆ ಮಾಂಟ್ರೆಸೊರ್ ಎರಡು ನಿಯಮ ಹಾಕಿಕೊಂಡಿದ್ದಾನೆ. ತೀರಿಸಿಕೊಂಡವನಿಗೆ ಶಿಕ್ಷೆ ತಟ್ಟಬಾರದು. ತೀರಿಸುತ್ತಿರುವವನು ಯಾರೆಂಬುದು ಎದುರಾಳಿಗೆ ತಿಳಿಯಬೇಕು. ಎರಡೂ ನೆರವೇರಿದವೇ? ಫಾರ್ಚುನಾಟೊ ಕೊನೆಗೆ ನಗುತ್ತ ‘ಒಳ್ಳೆ ತಮಾಷೆ’ ಎನ್ನುತ್ತಾನೆ, ಬೇಡುತ್ತಾನೆ, ಆಮೇಲೆ ಸುಮ್ಮನಾಗುತ್ತಾನೆ. ಯಾಕೆ ಸಾಯುತ್ತಿದ್ದೇನೆಂದು ಅವನಿಗೆ ತಿಳಿಯಿತು ಎನ್ನುವ ಒಂದು ಗುರುತೂ ಕಥೆಯಲ್ಲಿಲ್ಲ. ಗೋಡೆಯ ಹನ್ನೊಂದನೇ ವರಸೆಯಲ್ಲಿ ಒಂದೇ ಕಲ್ಲು ಬಾಕಿಯಿರುವಾಗ ಮಾಂಟ್ರೆಸೊರ್ ಕೈ ತಡೆದು ಅವನ ಹೆಸರು ಹಿಡಿದು ಕರೆಯುತ್ತಾನೆ. ಉತ್ತರವಿಲ್ಲ. ಮತ್ತೆ ಕರೆಯುತ್ತಾನೆ. ಪಂಜನ್ನು ಸಂದಿಯಿಂದ ಒಳಗೆ ಎಸೆದರೆ ಗೆಜ್ಜೆಯ ಸದ್ದು ಮಾತ್ರ. ಆಗ ಮಾಂಟ್ರೆಸೊರ್‌ಗೆ ಎದೆ ಸಂಕಟವಾಗುತ್ತದೆ, ಆ ಜಾಗದ ತೇವದಿಂದ ಎಂದು ತಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಾನೆ. ಇದನ್ನೆಲ್ಲ ಅವನು ಹೇಳುತ್ತಿರುವುದು ಐವತ್ತು ವರ್ಷದ ಮೇಲೆ. ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತೇವೆ ನಾವು. ಅವನ ವಂಶದ ಲಾಂಛನದಲ್ಲೂ ಹಾವಿದೆ: ಚಿನ್ನದ ಪಾದವೊಂದು ಹಾವನ್ನು ತುಳಿಯುತ್ತಿದೆ, ಹಾವಿನ ಹಲ್ಲು ಹಿಮ್ಮಡಿಗೆ ನಾಟಿದೆ. ಆ ಹಲ್ಲು ಐವತ್ತು ವರ್ಷವಾದರೂ ಕಿತ್ತುಬಂದಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ.

ಹಾಗೆಂದು ಕಾರಣ ಹೇಳಲೇಬಾರದು ಎಂಬ ಕಾನೂನಿಲ್ಲ. ಪೋ ತಾನೇ 1849ರಲ್ಲಿ ‘ಹಾಪ್-ಫ್ರಾಗ್’ ಬರೆದ. ಅಲ್ಲಿ ರಾಜನು ಟ್ರಿಪೆಟ್ಟಾ ಎಂಬ ಹುಡುಗಿಯನ್ನು ತಳ್ಳಿ, ಅವಳ ಮುಖಕ್ಕೆ ಮದ್ಯ ಎರಚುವುದನ್ನು ಕಣ್ಣಾರೆ ಕಾಣುತ್ತೇವೆ. ಹಾಗಾಗಿ ಅವಳ ಗೆಳೆಯನಾದ ಕುಬ್ಜ ವಿದೂಷಕ, ರಾಜನನ್ನೂ ಏಳು ಮಂತ್ರಿಗಳನ್ನೂ ಒರಾಂಗುಟಾನ್ ವೇಷದಲ್ಲಿ ಸರಪಳಿಗೆ ನೇತುಹಾಕಿ ಸುಡುವಾಗ ಮನಸ್ಸು ಅವನ ಪರ ನಿಲ್ಲುತ್ತದೆ. ಆದರೆ ಆ ಕಾರಣಕ್ಕೆ ಬೇಕಾದದ್ದು ಕ್ಷಣಮಾತ್ರದ ಒಂದು ದೃಶ್ಯ. ನೀವು ಮೂರು ಪುಟದಲ್ಲಿ ಪಾಲುಪತ್ರ, ಸಾಕ್ಷಿ ಸಹಿ, ಅಡಿಕೆ ತೋಟದ ಗಡಿ ಎಲ್ಲವನ್ನೂ ಹೇಳಿದ್ದೀರಿ. ಅದನ್ನು ಓದುವಾಗ ನಾನು ತಮ್ಮನ ವಕೀಲನಾಗಿದ್ದೆ. ವಕೀಲನಿಗೆ ಕತ್ತಲೆಯ ಹೆದರಿಕೆ ಹುಟ್ಟುವುದು ಕಷ್ಟ.

ಆದರೆ ನಿಮ್ಮ ಒಂಬತ್ತನೇ ಪುಟವನ್ನು ನಾನು ಮರೆಯಲಾರೆ. ಅಣ್ಣ ಮಳೆಯಲ್ಲಿ ನೆನೆದು ಬರುತ್ತಾನೆ. ತಮ್ಮನು ಅವನ ಕಾಲಿಗೆ ನೀರು ಕೊಡುತ್ತಾನೆ, ಬೆಲ್ಲ ನೀರು ಕೊಡುತ್ತಾನೆ, ‘ಥಂಡಿ ಆದೀತು ಅಣ್ಣಯ್ಯ’ ಎಂದು ತನ್ನ ಕಂಬಳಿ ತೆಗೆದು ಹೊದೆಸುತ್ತಾನೆ. ಆಮೇಲೆ ಅಟ್ಟದ ಮೇಲಿನ ಕತ್ತಲೆಕೋಣೆಗೆ ಕರೆದುಕೊಂಡು ಹೋಗುತ್ತಾನೆ. ಪೆಟ್ಲುಪ್ಪು, ಕೆಮ್ಮು ಮಾಡಿದ ಕೆಲಸವನ್ನು ಮಲೆನಾಡಿನ ಒಂದು ಕಂಬಳಿಯಿಂದ ಮಾಡಿದ್ದೀರಿ, ಯಾರಿಂದಲೂ ಎರವಲು ಪಡೆಯದೆ. ಅದು ನಿಮಗೇ ಗೊತ್ತಾಗಿಲ್ಲವೇನೋ, ಮುಂದಿನ ಸಾಲಿನಲ್ಲೇ ಅಮಾವಾಸ್ಯೆಯನ್ನು ಎಳೆದು ತಂದಿದ್ದೀರಿ.

ಮೊದಲ ಮೂರು ಪುಟ ತೆಗೆಯಿರಿ. ಗೂಬೆಯನ್ನು ಬಿಟ್ಟುಬಿಡಿ. ಅಣ್ಣ ಒಳಗಿನಿಂದ ಬಾಗಿಲು ಬಡಿಯುವಾಗ ತಮ್ಮ ಎಲ್ಲಿದ್ದ, ಏನು ಮಾಡುತ್ತಿದ್ದ ಎಂಬುದು ನಿಮ್ಮ ಕಥೆಯಲ್ಲಿಲ್ಲ. ‘ಬೆಳಗಾಯಿತು’ ಎಂದು ದಾಟಿಬಿಟ್ಟಿದ್ದೀರಿ. ಆ ರಾತ್ರಿ ಅವನು ಕಂಬಳಿಯಿಲ್ಲದೆ ಮಲಗಿದ್ದಾನೆ, ಹೊರಗೆ ಮಳೆ, ಅವನಿಗೂ ಚಳಿ. ಅದನ್ನು ಬರೆದು ಕಳಿಸಿ. ಲಕೋಟೆಯ ಮೇಲೆ ನನ್ನ ಹೆಸರನ್ನೇ ಹಾಕಿ, ನಾನೇ ಓದುತ್ತೇನೆ.