ಟ್ರೂಕ್ರಿಪ್ಟ್ ಈಗ ಬೇಡ

ತೋಟದ ಲೆಕ್ಕ, ಕಾರ್ಮಿಕರ ಆಧಾರ್ ಪ್ರತಿಗಳಿರುವ ವಿಂಡೋಸ್ ಹೋಮ್ ಲ್ಯಾಪ್‌ಟಾಪಿಗೆ ಡಿಸ್ಕಿನ ಕಡತಗಳನ್ನು ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಗೂಢಲಿಪಿಗೆ ಬದಲಿಸುವ (ಎನ್‌ಕ್ರಿಪ್ಟ್ ಮಾಡುವ) ಟ್ರೂಕ್ರಿಪ್ಟ್ ತಂತ್ರಾಂಶ ಹಾಕಬಹುದೇ ಎಂದು ಸೋಮವಾರಪೇಟೆಯಿಂದ ಕೇಳಿದ್ದೀರಿ. ಖಂಡಿತ ಬೇಡ. ಅದನ್ನು ರೂಪಿಸಿದವರೇ 2014ರ ಮೇ ತಿಂಗಳಲ್ಲಿ ಕೈಬಿಟ್ಟರು. ಅದರಿಂದಲೇ ಕವಲೊಡೆದ ವೆರಾಕ್ರಿಪ್ಟ್ ಹಾಕಿಕೊಳ್ಳಿ, ಅದೂ ಅಧಿಕೃತ ತಾಣದಿಂದಲೇ, ಪರಿಚಯದವರ ಪೆನ್‌ಡ್ರೈವಿನಿಂದಲ್ಲ. ಉಚಿತ, ಮೂಲಸಂಕೇತವನ್ನು ಯಾರು ಬೇಕಾದರೂ ನೋಡಬಹುದು. 2016ರಲ್ಲಿ ಹೊರಗಿನ ತಜ್ಞರು ಪರಿಶೀಲಿಸಿ ದೋಷಗಳನ್ನು ಬಹಿರಂಗವಾಗಿಯೇ ಪಟ್ಟಿ ಮಾಡಿದರು, ಹಲವನ್ನು ಕೂಡಲೇ ಸರಿಪಡಿಸಲಾಯಿತು. ದೋಷವೇ ಇಲ್ಲ ಎಂದು ಜಂಬ ಕೊಚ್ಚುವ ತಂತ್ರಾಂಶಕ್ಕಿಂತ ಇಂಥದ್ದನ್ನೇ ನಾನು ನಂಬುತ್ತೇನೆ.

ಇದೇ ಕೆಲಸಕ್ಕೆ ವಿಂಡೋಸ್‌ನಲ್ಲೇ ಇರುವ ಬಿಟ್‌ಲಾಕರ್‌ನ ಪೂರ್ಣ ಸೌಲಭ್ಯ ಹೋಮ್ ಆವೃತ್ತಿಯಲ್ಲಿಲ್ಲ. ಕೆಲವು ಲ್ಯಾಪ್‌ಟಾಪುಗಳಲ್ಲಿ ಅದರ ಸರಳ ರೂಪವಾದ ‘ಡಿವೈಸ್ ಎನ್‌ಕ್ರಿಪ್ಶನ್’ ಇರುತ್ತದೆ; ಸೆಟ್ಟಿಂಗ್ಸ್‌ನಲ್ಲಿ ನೋಡಿ. ಅದರ ರಿಕವರಿ ಕೀ (ಡಿಸ್ಕ್ ತೆರೆಯುವ ತುರ್ತು ಕೀಲಿ) ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಗೆ ಸೇರುತ್ತದೆ. ಕಳ್ಳತನದ ಭಯವಷ್ಟೇ ಇದ್ದರೆ ಅದೂ ಸಾಕು.

ಮಳೆಗಾಲದಲ್ಲಿ ನಮ್ಮ ಕರೆಂಟಿನ ಕಥೆ ನಿಮಗೆ ಹೇಳಬೇಕಾಗಿಲ್ಲ. ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಬ್ಯಾಟರಿ ತುಂಬಿಸಿಕೊಂಡೇ ಎನ್‌ಕ್ರಿಪ್ಟ್ ಮಾಡಲು ಶುರು ಮಾಡಿ. ವೆರಾಕ್ರಿಪ್ಟ್ ‘ರೆಸ್ಕ್ಯೂ ಡಿಸ್ಕ್’ (ಲ್ಯಾಪ್‌ಟಾಪ್ ಶುರುವಾಗದಿದ್ದಾಗ ಬಳಸುವ ಡಿಸ್ಕ್) ಮಾಡಿಕೊಳ್ಳಲು ಹೇಳಿದಾಗ ಉದಾಸೀನ ಬೇಡ. ಪಾಸ್‌ವರ್ಡ್ ಮರೆತರೆ ಯಾರಿಂದಲೂ ತೆರೆಯಲಾಗದು. ಬರೆದಿಟ್ಟ ಚೀಟಿಗೆ ಜುಲೈ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ದಾಖಲೆಗಳ ಜೊತೆಗಿಡಿ. ಲ್ಯಾಮಿನೇಷನ್ ಮಾಡಿಸಲು ಮಾತ್ರ ಅಂಗಡಿಗೆ ಕೊಡಬೇಡಿ!