ಓದುಗರ ಪ್ರಶ್ನೆ: ಈ ಉಪ್ಪುನೀರಿನ ಟ್ಯಾಂಕ್ ಹುಚ್ಚು ಯಾಕೆ ಬಿಡಲ್ಲ?

ಸಮುದ್ರದ ಅಕ್ವೇರಿಯಂ, ಅದ್ರಲ್ಲೂ ಹವಳ ಬೆಳೆಸೋ ರೀಫ್ ಟ್ಯಾಂಕ್ ಬಗ್ಗೆ ಪ್ರಶ್ನೆಗಳು ಬಹಳ ಬಂದಿದ್ವು. ಒಂದೊಂದಾಗಿ ಬೇರೆ ಬೇರೆ ಸಂಚಿಕೇಲಿ ಹಾಕೋ ಬದಲು ಈ ಸಲ ಪೂರ್ತಿ ಅದಕ್ಕೇ ಇಟ್ಟಿದೀನಿ. ಬೇರೆ ವಿಷಯ ಕೇಳಿದವರು ಬೇಜಾರು ಮಾಡ್ಕೋಬೇಡಿ, ನಿಮ್ಮ ಪತ್ರ ಎಲ್ಲಾ ಹಾಗೇ ಇದೆ.

ಪ್ರಶ್ನೆ: ನಮ್ಮ ಯಜಮಾನರು ರಾತ್ರಿ ಊಟ ಆದ್ಮೇಲೆ ಟ್ಯಾಂಕ್ ಮುಂದೆ ಕೂತ್ರೆ ಏಳೋದೇ ಇಲ್ಲ. ಅದ್ರಲ್ಲಿರೋದು ನಾಲ್ಕು ಮೀನು, ಒಂದಷ್ಟು ಕಲ್ಲು. ಲೈಟ್ ಆಫ್ ಆದ್ಮೇಲೂ ಟಾರ್ಚ್ ಹಿಡ್ಕೊಂಡು ಬಗ್ಗಿ ಬಗ್ಗಿ ನೋಡ್ತಾರೆ. ಅಷ್ಟು ನೋಡೋಕೆ ಏನಿದೆ?

ಮೇಡಂ, ಟಾರ್ಚ್ ಹಿಡ್ಕೊಂಡಿದಾರೆ ಅಂದ್ರೆ ಸರಿಯಾದ ಹೊತ್ತಿಗೇ ನೋಡ್ತಿದಾರೆ. ಒಂದು ದಿನ ನೀವೂ ಪಕ್ಕದಲ್ಲಿ ಕೂತ್ಕೊಳ್ಳಿ, ಲೈಟ್ ಆರಿ ಒಂದು ಗಂಟೆ ಆಗಿರ್ಲಿ, ಟಾರ್ಚ್‌ಗೆ ಕೆಂಪು ಪೇಪರ್ ಸುತ್ತಿ, ಆ ಬೆಳಕಿಗೆ ಅವು ಅಷ್ಟಾಗಿ ಬೆದರಲ್ಲ. ನೀವು "ಒಂದಷ್ಟು ಕಲ್ಲು" ಅಂದ್ರಲ್ಲ, ಅದನ್ನ ಲೈವ್ ರಾಕ್ ಅಂತಾರೆ, ಅಂದ್ರೆ ಜೀವ ತುಂಬಿರೋ ಕಲ್ಲು. ಅದರ ತೂತುಗಳಿಂದ ರಾತ್ರಿ ಹೊತ್ತು ಬ್ರಿಸಲ್ ವರ್ಮ್ ಅನ್ನೋ ಹುಳ ಅರ್ಧ ಮೈ ಹೊರಗೆ ಹಾಕಿ ತಿಂಡಿ ಹುಡುಕತ್ತೆ, ನಕ್ಷತ್ರಮೀನಿನ ನೆಂಟ ಬ್ರಿಟಲ್ ಸ್ಟಾರ್‌ದು ಬರೀ ಕೈಗಳು ಕಾಣ್ತವೆ ಮೈ ಕಾಣಲ್ಲ, ಗಾಜಿನ ಮೇಲೆ ಬಿಳಿ ಚುಕ್ಕೆ ಥರ ಸರಿದಾಡೋದೆಲ್ಲ ಕೋಪೆಪಾಡ್ ಅನ್ನೋ ಪುಟ್ಟ ಜೀವಿಗಳು. ಇವನ್ನ ಯಾರೂ ದುಡ್ಡು ಕೊಟ್ಟು ತಂದಿರಲ್ಲ, ಕಲ್ಲಿನ ಜೊತೆ ಬಂದಿರ್ತವೆ, ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಒಳಗೇ ಇದ್ದು ಒಂದು ರಾತ್ರಿ ಹೊರಗೆ ಬರ್ತವೆ. ಹಗಲು ಮುದುಡಿ ಕೂತಿದ್ದ ಎಷ್ಟೋ ಹವಳಗಳು ರಾತ್ರಿ ಎಳೆಯಂಥ ಟೆಂಟಕಲ್ ಚಾಚ್ತವೆ. ಗ್ಯಾಲಕ್ಸಿಯಾ ಥರದ್ದಂತೂ ಉದ್ದನೆ ಎಳೆ ಬಿಟ್ಟು ಪಕ್ಕದ ಹವಳಕ್ಕೆ ಕುಟುಕತ್ತೆ, ಬೆಳಿಗ್ಗೆ ನೋಡಿದ್ರೆ ಪಕ್ಕದ್ದು ಒಂದು ಕಡೆ ಸುಟ್ಟ ಹಾಗಾಗಿರತ್ತೆ. ಜಾಗಕ್ಕೋಸ್ಕರ ನಡೆಯೋ ಜಗಳ ಅದು, ನಿಮ್ಮ ಮನೆ ಹಾಲ್‌ನಲ್ಲೇ ನಡೀತಿದೆ.

ಇನ್ನೊಂದು ಹೇಳ್ತೀನಿ. ಪಿಸ್ತೂಲ್ ಶ್ರಿಂಪ್ ಅಂತ ಒಂದು ಸೀಗಡಿ ಇದೆ, ಅದರ ಜೊತೆಗಾರ ಗೋಬಿ ಅನ್ನೋ ಪುಟ್ಟ ಮೀನು. ಸೀಗಡಿಗೆ ಕಣ್ಣು ಸರಿಯಾಗಿ ಕಾಣಲ್ಲ ಆದ್ರೆ ಮರಳು ತೋಡೋದ್ರಲ್ಲಿ ಅದನ್ನ ಮೀರಿಸೋರಿಲ್ಲ, ಗೋಬಿಗೆ ಕಣ್ಣು ಚುರುಕು ಆದ್ರೆ ಬಿಲ ತೋಡೋಕೆ ಬರಲ್ಲ, ಹಾಗಾಗಿ ಎರಡೂ ಒಂದೇ ಬಿಲದಲ್ಲಿ ಸಂಸಾರ. ಸೀಗಡಿ ಬುಲ್ಡೋಜರ್ ಥರ ಮರಳು ತಳ್ಕೊಂಡು ಹೊರಗೆ ಬಂದಾಗೆಲ್ಲ ಒಂದು ಮೀಸೆ ಗೋಬಿ ಮೈಮೇಲೆ ಇಟ್ಟಿರತ್ತೆ, ಅಪಾಯ ಅನ್ಸಿದ್ರೆ ಗೋಬಿ ಬಾಲ ಪಟಪಟ ಅಲ್ಲಾಡ್ಸತ್ತೆ, ಮರುಕ್ಷಣ ಎರಡೂ ಒಳಗೆ. ಸೀಗಡಿ ತನ್ನ ಇಕ್ಕಳದಂಥ ಕೈ ಬಡಿದ್ರೆ ಟಪ್ ಅಂತ ಗಾಜಿನ ಹೊರಗೂ ಕೇಳ್ಸತ್ತೆ. ಇದನ್ನ ಒಂದು ಸಲ ಸರಿಯಾಗಿ ನೋಡಿದವರು ಮತ್ತೆ ಕೂರದೇ ಇರೋದು ಕಷ್ಟ.

ಬಹಳ ಜನ ಈ ಹವ್ಯಾಸಕ್ಕೆ ಬರೋದು ಬಣ್ಣ ನೋಡಿ. ಆದ್ರೆ ಹತ್ತು ವರ್ಷ ಆದ್ಮೇಲೂ ಬಿಡದೆ ಇರೋರನ್ನ ಕೇಳಿ, ಬಣ್ಣದ ಮಾತು ಆಡೋದೇ ಕಮ್ಮಿ. ನಿನ್ನೆ ಇಲ್ಲದೇ ಇದ್ದದ್ದು ಇವತ್ತು ಏನೋ ಕಾಣ್ತು ಅನ್ನೋದೇ ಅವರ ಮಾತು.

ಪ್ರಶ್ನೆ: ಹವಳ ಗಿಡಾನಾ, ಕಲ್ಲಾ, ಪ್ರಾಣೀನಾ? ಮಗಳು ಕೇಳಿದ್ಲು, ನನಗೂ ಗೊತ್ತಾಗ್ಲಿಲ್ಲ.

ಪ್ರಾಣಿ. ಜೆಲ್ಲಿಫಿಶ್ ನೆಂಟ. ಪಾಲಿಪ್ ಅನ್ನೋ ಸಣ್ಣ ಸಣ್ಣ ಪ್ರಾಣಿಗಳು ಸಾವಿರಗಟ್ಟಲೆ ಒಟ್ಟಿಗೆ ಬದುಕ್ತವೆ, ಗಟ್ಟಿ ಹವಳಗಳಾದ್ರೆ ನೀರಲ್ಲಿರೋ ಕ್ಯಾಲ್ಸಿಯಂ ತಗೊಂಡು ತಮ್ಮ ಕೆಳಗೆ ಸುಣ್ಣದ ಅಸ್ಥಿಪಂಜರ ಕಟ್ತವೆ, ನೀವು ಕಲ್ಲು ಅಂದ್ಕೊಂಡಿದ್ದು ಅದು. ಗಿಡ ಅನ್ನೋದ್ರಲ್ಲೂ ಸ್ವಲ್ಪ ನಿಜ ಇದೆ, ಯಾಕಂದ್ರೆ ಅದರ ಮೈಯೊಳಗೆ ಝೂಝಾಂತೆಲೆ ಅನ್ನೋ ಸೂಕ್ಷ್ಮ ಪಾಚಿ ಇರತ್ತೆ, ಬೆಳಕಿಂದ ಆಹಾರ ಮಾಡಿ ಹವಳಕ್ಕೆ ಕೊಡತ್ತೆ, ಕೆಲವು ಜಾತಿಗಳಿಗೆ ಬೇಕಾದ ಶಕ್ತೀಲಿ 90 ಪರ್ಸೆಂಟ್‌ವರೆಗೂ ಅಲ್ಲಿಂದಾನೇ ಬರತ್ತೆ. ಬಿಸಿ ಜಾಸ್ತಿ ಆದ್ರೆ ಹವಳ ಈ ಪಾಚೀನ ಹೊರಗೆ ಹಾಕಿ ಬೆಳ್ಳಗಾಗತ್ತೆ, ಬ್ಲೀಚಿಂಗ್ ಅನ್ನೋದು ಅದನ್ನೇ. ಮಗಳಿಗೆ ಭೂತಗನ್ನಡಿ ಕೊಡಿಸಿ, ಪಾಲಿಪ್ ಬಾಯಿ ತೆರೆಯೋದು ಅವಳೇ ನೋಡ್ಲಿ.

ಪ್ರಶ್ನೆ: ಸಿಹಿನೀರಿನ ಮೀನು ಬಹಳ ವರ್ಷದಿಂದ ಸಾಕ್ತಿದೀನಿ. ಉಪ್ಪುನೀರಿಗೆ ಹೋದ ಗೆಳೆಯರು ಯಾರೂ ವಾಪಸ್ ಬರ್ಲಿಲ್ಲ. ನೀರಿಗೆ ಉಪ್ಪು ಹಾಕಿದ್ರೆ ಅಂಥಾ ವ್ಯತ್ಯಾಸ ಏನಾಗತ್ತೆ?

ಸಿಹಿನೀರಲ್ಲಿ ನೀವು ಮೀನು ಸಾಕ್ತೀರಿ, ಇಲ್ಲಿ ಮೊದಲು ನೀರನ್ನೇ ಸಾಕಬೇಕು, ನೀರು ಸರಿ ಇದ್ರೆ ಉಳಿದಿದ್ದೆಲ್ಲ ಬಹುಪಾಲು ತಾನೇ ನಡ್ಕೊಂಡು ಹೋಗತ್ತೆ. ಹವಳದ ದಿಬ್ಬ ಇರೋ ಸಮುದ್ರದಲ್ಲಿ ನೀರು ದಿನದಿಂದ ದಿನಕ್ಕೆ ಹೆಚ್ಚು ಬದಲಾಗಲ್ಲ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ನಮ್ಮ ಟ್ಯಾಂಕಲ್ಲಿ 25-26 ಡಿಗ್ರಿ ಬಿಸಿ ಇಟ್ಕೊಂಡ್ರೆ ಸಾಕು. ಅದೇ ಸ್ಥಿರತೇನ ಗಾಜಿನ ಪೆಟ್ಟಿಗೇಲಿ ತರೋದೇ ಇಡೀ ಆಟ. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯತ್ತೆ, ಹಾಗಾಗಿ ಕಮ್ಮಿ ಆದಷ್ಟಕ್ಕೆ ದಿನಾ ಶುದ್ಧವಾದ ಆರ್‌ಓ ನೀರು ಸೇರಿಸ್ಬೇಕು, ಉಪ್ಪುನೀರು ಸೇರಿಸಿದ್ರೆ ವಾರದಲ್ಲಿ ಟ್ಯಾಂಕ್ ಹೆಚ್ಚು ಉಪ್ಪಾಗತ್ತೆ. ಹೊಸಬರು ಎಡವೋ ಮೊದಲ ಜಾಗ ಇದು.

ಆಮೇಲೆ ಕೆಮಿಸ್ಟ್ರಿ. ಹವಳ ಬೆಳೆದಂತೆಲ್ಲ ನೀರಿಂದ ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ (ನೀರಲ್ಲಿ ಕರಗಿರೋ ಕಾರ್ಬೊನೇಟ್ ಥರದ್ದರ ಅಳತೆ) ಎರಡನ್ನೂ ಎಳ್ಕೊಳ್ಳತ್ತೆ. ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ, ಮೆಗ್ನೀಸಿಯಂ 1300ರ ಆಸುಪಾಸು, ಆಲ್ಕಲಿನಿಟಿ 8-9 ಡಿಗ್ರಿ (ಬಿಸಿಯ ಡಿಗ್ರಿ ಅಲ್ಲ, ಡಿಕೆಎಚ್ ಅನ್ನೋ ಅಳತೆ), ಹೆಚ್ಚಿನವರು ಇಟ್ಕೊಳ್ಳೋದು ಇಷ್ಟು. ವಾರಾ ವಾರಾ ಟೆಸ್ಟ್ ಮಾಡಿ ಬರೆದಿಟ್ಟು ನೋಡಿದ್ರೆ, ಹೋದ ತಿಂಗಳಿಗಿಂತ ಈ ತಿಂಗಳು ಆಲ್ಕಲಿನಿಟಿ ಬೇಗ ಇಳೀತಿದೆ ಅಂತ ಕಾಣತ್ತೆ, ಅಂದ್ರೆ ಹವಳ ಜೋರಾಗಿ ಬೆಳೀತಿದೆ! ಕಣ್ಣಿಗೆ ಕಾಣೋಕೆ ಮುಂಚೆ ಪುಸ್ತಕದಲ್ಲಿ ಕಾಣತ್ತೆ. ಲೆಕ್ಕ ಇಷ್ಟಪಡೋರನ್ನ, ಅಳತೆ ಇಷ್ಟಪಡೋರನ್ನ ಕಟ್ಟಿಹಾಕೋದು ಇದೇ. ಪೈಪು ಪಂಪು ಅಂತ ಕೈಕೆಲಸ ಇಷ್ಟಪಡೋರಿಗೆ ಬೇರೆಯದೇ ಇದೆ. ಕೊಳೆ ತೆಗೆಯೋ ಸ್ಕಿಮ್ಮರ್ ನೋಡಿ, ಉಪ್ಪುನೀರಲ್ಲಿ ಗುಳ್ಳೆಗಳು ತೀರಾ ಸಣ್ಣದಾಗಿ ಏಳ್ತವೆ, ಕೊಳೆ ಆ ಗುಳ್ಳೆಗೆ ಅಂಟಿ ನೊರೆಯಾಗಿ ಮೇಲಿನ ಕಪ್‌ಗೆ ಹೋಗತ್ತೆ, ಸಮುದ್ರದ ದಂಡೆ ಮೇಲೆ ಅಲೆ ಬಡಿದಾಗ ನೊರೆ ನಿಲ್ಲತ್ತಲ್ಲ ಅದೇ ಕೆಲಸ. ಆ ಕಪ್‌ನಲ್ಲಿ ತುಂಬೋ ಕಡುಕಂದು ನೀರಿನ ವಾಸನೆ ಮೂಗು ಮುಚ್ಕೊಳ್ಳೋ ಹಾಗಿರತ್ತೆ, ಆದ್ರೂ ಅದು ತುಂಬಿದ್ರೆ ಖುಷಿಯಾಗತ್ತೆ, ಯಾಕಂದ್ರೆ ಅಷ್ಟೂ ಟ್ಯಾಂಕಿಂದ ಹೊರಗೆ ಬಂತಲ್ಲ.

ಒಂದು ಮಾತ್ರ. ಸಂಖ್ಯೆ ಸರಿ ಮಾಡೋಕೆ ಹೋಗಿ ಒಂದೇ ದಿನದಲ್ಲಿ ಏರಿಸಬೇಡಿ. 7.5 ಇದ್ದು ಅಲ್ಲೇ ನಿಂತಿರೋ ಆಲ್ಕಲಿನಿಟಿ, ಇವತ್ತು 9 ನಾಳೆ 7 ಅಂತ ಕುಣಿಯೋದಕ್ಕಿಂತ ಎಷ್ಟೋ ವಾಸಿ.

ಪ್ರಶ್ನೆ: ಟ್ಯಾಂಕ್ ಶುರು ಮಾಡಿ ಒಂದೂವರೆ ತಿಂಗಳು. ಮರಳು, ಕಲ್ಲು, ಗಾಜು ಎಲ್ಲಾ ಕಂದು. ವಿಡಿಯೋಗಳಲ್ಲಿ ನೋಡಿದ್ದೇನು, ನನ್ನ ಮನೇಲಿರೋದೇನು. ಬಿಟ್ಬಿಡೋಣ ಅನ್ಸಿದೆ.

ಬಿಡಬೇಡಿ ದಯವಿಟ್ಟು. ಅದು ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ ಇರಬೇಕು, ಹೊಸ ಟ್ಯಾಂಕ್ ಬಹುತೇಕ ಎಲ್ಲದಕ್ಕೂ ಬರತ್ತೆ, ನೀರಲ್ಲಿರೋ ಸಿಲಿಕೇಟ್ ತಿಂದು ಬೆಳೆಯತ್ತೆ, ಅದು ಮುಗಿದ್ರೆ ತಾನೇ ಹೋಗತ್ತೆ. ಮೊದಲ ನಾಲ್ಕಾರು ವಾರ ಬ್ಯಾಕ್ಟೀರಿಯಾ ನೆಲೆ ನಿಲ್ಲೋ ಕಾಲ, ಒಂದು ಗುಂಪು ಅಮೋನಿಯಾನ ನೈಟ್ರೈಟ್ ಮಾಡತ್ತೆ ಇನ್ನೊಂದು ಗುಂಪು ಅದನ್ನ ನೈಟ್ರೇಟ್ ಮಾಡತ್ತೆ. ಆಮೇಲೆ ಕಂದು, ಆಮೇಲೆ ಹಸಿರು ಕೂದಲಿನ ಥರದ ಪಾಚಿ, ಕೆಲವು ತಿಂಗಳು ಹೀಗೇ. ಕಾಯೋಕೆ ಆಗದೆ ಬಾಟಲಿ ಬಾಟಲಿ ಔಷಧಿ ಸುರಿದ್ರೆ ಇನ್ನೂ ಕೆಡತ್ತೆ. ಪಾಚಿ ತಿನ್ನೋ ಬಸವನಹುಳು ತಂದು ಹಾಕಿ, ತಿಂಡಿ ಕಮ್ಮಿ ಹಾಕಿ, ವಾರಕ್ಕೆ ಹತ್ತು ಪರ್ಸೆಂಟ್ ನೀರು ಬದಲಾಯಿಸಿ. ಒಂದು ದಿನ ಕಲ್ಲಿನ ಮೂಲೇಲಿ ನೇರಳೆ ಬಣ್ಣದ ಚುಕ್ಕೆ ಕಾಣತ್ತೆ, ಕೋರಲೈನ್ ಪಾಚಿ, ಅದು ಹರಡೋಕೆ ಶುರುವಾಯ್ತು ಅಂದ್ರೆ ಟ್ಯಾಂಕ್ ದಾರಿಗೆ ಬಂತು ಅಂತ. ನೀವು ಔಷಧಿ ಏನೂ ಹಾಕದೆ ತಾನಾಗೇ ಆದದ್ದು ಅದು, ಆ ಖುಷಿ ಅನುಭವಿಸೋಕೆ ಮುಂಚೆ ಬಿಟ್ರೆ ನನಗೇ ಬೇಜಾರು.

ಪ್ರಶ್ನೆ: ಕ್ಲೌನ್ ಮೀನು ಗಂಡು ಇದ್ದದ್ದು ಹೆಣ್ಣಾಗತ್ತೆ ಅಂತಾರೆ, ನಿಜಾನಾ?

ನಿಜ. ಗುಂಪಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅವಳು ಸತ್ರೆ ಜೊತೇಲಿದ್ದ ಗಂಡು ಹೆಣ್ಣಾಗತ್ತೆ, ಮರಿಗಳಲ್ಲಿ ದೊಡ್ಡದು ಗಂಡಾಗತ್ತೆ. ಎರಡು ಸಣ್ಣ ಮರಿ ತಂದು ಬಿಟ್ರೆ ಜೋಡಿ ಆಗೋದು ಹಾಗೇ.

ಪ್ರಶ್ನೆ: ಈ ಹವ್ಯಾಸ ಸಮುದ್ರಾನ ಹಾಳು ಮಾಡೋದು ಅಂತಾರೆ ನಮ್ಮ ಅಪ್ಪಾಜಿ. ನನಗೆ ಆಸೆ ಇದೆ, ಮನಸ್ಸೂ ಚುಚ್ಚತ್ತೆ. ಏನು ಮಾಡ್ಲಿ?

ನಿಮ್ಮ ಅಪ್ಪಾಜಿ ಸುಮ್ಮನೆ ಹೇಳ್ತಿಲ್ಲ. ಮೀನು ಹಿಡಿಯೋಕೆ ಸಯನೈಡ್ ಸಿಂಪಡಿಸೋದು ಕೆಲವು ಕಡೆ ನಡೆದಿದೆ, ಅದ್ರಿಂದ ಮೀನೂ ಸಾಯತ್ತೆ ಹವಳಾನೂ ಸಾಯತ್ತೆ. ಇಂಡೋನೇಷ್ಯಾದ ಬಂಗಾಯ್ ಕಾರ್ಡಿನಲ್ ಮೀನನ್ನ ಅಕ್ವೇರಿಯಂಗೋಸ್ಕರ ಎಷ್ಟು ಹಿಡಿದ್ರು ಅಂದ್ರೆ 2007ರಲ್ಲಿ ಅದು ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಅಳಿವಿನಂಚಿನ ಪಟ್ಟಿ ಸೇರ್ತು. ಆದ್ರೆ ಅದೇ ಮೀನು ಮನೆ ಟ್ಯಾಂಕಲ್ಲಿ ಮರಿ ಮಾಡತ್ತೆ, ಗಂಡು ಮೀನು ಮೊಟ್ಟೇನ ಬಾಯಲ್ಲಿಟ್ಕೊಂಡು ವಾರಗಟ್ಟಲೆ ಏನೂ ತಿನ್ನದೆ ಕಾಯತ್ತೆ, ಬಾಯಿಂದ ಹೊರಬರೋ ಮರಿಗಳು ಅಪ್ಪನ ಪಡಿಯಚ್ಚು. ಹಾಗಿದ್ದಾಗ ಸಮುದ್ರದಿಂದ ಹಿಡಿದಿದ್ದನ್ನ ತರೋ ಅಗತ್ಯ ಏನಿದೆ? ಕ್ಲೌನ್ ಮೀನನ್ನಂತೂ 1970ರ ದಶಕದಿಂದಾನೇ ಸಾಕಣೇಲಿ ಮರಿ ಮಾಡಿಸ್ತಿದಾರೆ.

ಹವಳದ್ದೂ ಹಾಗೇ. ಒಂದು ಟೊಂಗೆ ಕತ್ತರಿಸಿ ಸಣ್ಣ ಬಿಲ್ಲೆಗೆ ಸೂಪರ್‌ಗ್ಲೂ ಜೆಲ್ ಹಾಕಿ ಅಂಟಿಸಿದ್ರೆ ಅದು ಹೊಸ ಹವಳ, ಫ್ರ್ಯಾಗ್ ಅಂತಾರೆ. ಗೆಳೆಯರು ಗೆಳೆಯರಿಗೆ ಕೊಟ್ಟು, ಅವರ ಟ್ಯಾಂಕಲ್ಲಿ ಸತ್ರೂ ಇವರ ಟ್ಯಾಂಕಲ್ಲಿ ಉಳಿದು, ಒಂದೇ ತಾಯಿ ಹವಳದ ತುಂಡುಗಳು ಎಷ್ಟೋ ಮನೇಲಿ ಬೆಳೀತಿವೆ, ನನ್ನ ಪ್ರಕಾರ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಒಳ್ಳೇ ಸಂಪ್ರದಾಯ ಇದು. ಸಮುದ್ರದಲ್ಲಿ ಹವಳದ ಸ್ಥಿತಿ ಚೆನ್ನಾಗಿಲ್ಲ, ಜಗತ್ತಿನ ಉದ್ದಗಲ ಬ್ಲೀಚಿಂಗ್ ಮೊದಲು ಆಗಿದ್ದು 1998ರಲ್ಲಿ, ನಾಲ್ಕನೇ ಸಲ ಆಗ್ತಿದೆ ಅಂತ 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಘೋಷಿಸಿದ್ರು. ಟ್ಯಾಂಕಲ್ಲಿ ಹವಳ ಬೆಳೆಸೋ ವಿದ್ಯೆ ಇಂಥ ಹೊತ್ತಲ್ಲಿ ದೊಡ್ಡದು. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನವರು ಟ್ಯಾಂಕ್ ಒಳಗೇ ಚಂದ್ರನ ಬೆಳಕು, ಋತುಮಾನದ ಬಿಸಿ ಎಲ್ಲಾ ನಕಲು ಮಾಡಿ 2013ರಲ್ಲಿ ಹವಳ ಮೊಟ್ಟೆ ಬಿಡೋ ಹಾಗೆ ಮಾಡಿದ್ರು, 2019ರಲ್ಲಿ ಫ್ಲೋರಿಡಾ ಅಕ್ವೇರಿಯಂನವರು ಅಪಾಯದಲ್ಲಿರೋ ಪಿಲ್ಲರ್ ಹವಳದ ವಿಷಯದಲ್ಲೂ ಅದನ್ನ ಸಾಧಿಸಿದ್ರು.

ಹಾಗಾಗಿ ನನ್ನ ಉತ್ತರ ಇದು: ಎಲ್ಲಿಂದ ಬಂತು ಅಂತ ಕೇಳದೆ ತಂದ್ರೆ ಅಪ್ಪಾಜಿ ಹೇಳಿದ್ದೇ ಸರಿ. ಸಾಕಣೇಲಿ ಹುಟ್ಟಿದ ಮೀನು, ಟ್ಯಾಂಕಲ್ಲಿ ಬೆಳೆದ ಫ್ರ್ಯಾಗ್ ಮಾತ್ರ ತರ್ತೀನಿ ಅಂತ ನಿರ್ಧಾರ ಮಾಡಿದ್ರೆ ನೆಮ್ಮದಿಯಾಗಿ ಶುರು ಮಾಡಿ. ಗಟ್ಟಿ ಹವಳಗಳ ಅಂತಾರಾಷ್ಟ್ರೀಯ ಮಾರಾಟಕ್ಕೆ ಸೈಟಿಸ್ (ಅಪಾಯದಲ್ಲಿರೋ ಜೀವಿಗಳ ವ್ಯಾಪಾರದ ಒಪ್ಪಂದ) ನಿಯಮ ಇದೆ, ನೀವಿರೋ ಕಡೆಯ ಕಾನೂನೂ ನೋಡ್ಕೊಳ್ಳಿ. ಮ್ಯಾಂಡರಿನ್ ಮೀನು ಚಂದ ಅಂತ ಹೊಸ ಟ್ಯಾಂಕಿಗೆ ತರಬೇಡಿ, ಅದಕ್ಕೆ ಜೀವಂತ ಕೋಪೆಪಾಡ್ ಬೇಕು, ಇಲ್ಲದಿದ್ರೆ ಕಣ್ಣೆದುರೇ ಒಣಗಿ ಹೋಗತ್ತೆ.

ಪ್ರಶ್ನೆ: ಇದು ಈಚೆಗೆ ಬಂದ ಖಯಾಲಿ ಅಲ್ವಾ?

ಅಲ್ಲ. 1846ರಲ್ಲೇ ಆನ್ನಾ ಥಿನ್ ಅನ್ನೋ ಹೆಣ್ಣುಮಗಳು ಇಂಗ್ಲೆಂಡಿನ ಟಾರ್ಕಿಯಿಂದ ಗಟ್ಟಿ ಹವಳ ತಂದು ಲಂಡನ್ನಲ್ಲಿ ಸಾಕಿದ್ರು. ಪಂಪ್ ಇಲ್ಲ, ಕರೆಂಟ್ ಇಲ್ಲ, ನೀರಿಗೆ ಗಾಳಿ ಸೇರ್ಲಿ ಅಂತ ಮನೆಗೆಲಸದವಳು ದಿನಾ ಕಿಟಕಿ ಹತ್ರ ನಿಂತು ನೀರನ್ನ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರೀತಿದ್ಲು! ಆಮೇಲೆ 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಅನ್ನೋರು ಜೀವ ಇರೋ ಕಲ್ಲು, ಬಿಸಿಲು, ಗಾಳಿಗುಳ್ಳೆ ಇಷ್ಟರಲ್ಲೇ ಟ್ಯಾಂಕ್ ನಡೆಸೋದು ಹೇಗೆ ಅಂತ ಬರೆದ್ರು. ಆ ಕಲ್ಲಿಗೆ ಸ್ಕಿಮ್ಮರ್, ಪ್ರಖರ ಬೆಳಕು ಸೇರಿಸಿದ್ದು ಬರ್ಲಿನ್ನಿನ ಹವ್ಯಾಸಿಗಳು, ಇವತ್ತಿನ ಟ್ಯಾಂಕ್‌ಗಳ ಬುಡ ಅಲ್ಲೇ ಇದೆ.

ಪ್ರಶ್ನೆ: ಕಲ್ಲಿನ ಮೇಲೆ ಝೋವಾಂತಿಡ್ ಅನ್ನೋ ಹವಳದಂಥ ಬೇಡದ ಜೀವಿ ಹರಡಿದೆ. ಬಿಸಿನೀರಲ್ಲಿ ಕುದಿಸಿದ್ರೆ ಹೋಗತ್ತಾ?

ಕುದಿಸಬೇಡಿ! ಕೆಲವು ಝೋವಾಂತಿಡ್‌ಗಳಲ್ಲಿ, ಮುಖ್ಯವಾಗಿ ಪ್ಯಾಲಿಥೋವಾ ಅನ್ನೋ ಬಗೆಯಲ್ಲಿ, ಪ್ಯಾಲಿಟಾಕ್ಸಿನ್ ಅನ್ನೋ ಘೋರ ವಿಷ ಇರತ್ತೆ, ಕುದಿಸಿದ್ರೆ ಹಬೆ ಜೊತೆ ಮನೆಯವರೆಲ್ಲರ ಶ್ವಾಸಕೋಶಕ್ಕೆ ಹೋಗತ್ತೆ, ಇಡೀ ಕುಟುಂಬ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಒಣಗಿದ ಕಲ್ಲನ್ನ ಬ್ರಶ್ ಹಾಕಿ ತಿಕ್ಕೋದೂ ಬೇಡ. ಗ್ಲೌಸ್, ಕನ್ನಡಕ ಹಾಕ್ಕೊಂಡು ಕಲ್ಲನ್ನೇ ಹೊರಗೆ ತೆಗೀರಿ. ಕೈಯಲ್ಲಿ ಗಾಯ ಇದ್ದಾಗ ಟ್ಯಾಂಕಿಗೆ ಕೈ ಹಾಕಲೇಬೇಡಿ, ಏನಾದ್ರೂ ಆದ್ರೆ ಡಾಕ್ಟರ್ ಹತ್ರ ಈ ವಿಷದ ಹೆಸರು ಹೇಳಿ.

ಪ್ರಶ್ನೆ: ನಿವೃತ್ತಿ ಆಯ್ತು, ಮನೇಲಿ ಒಬ್ನೇ ಇರ್ತೀನಿ. ಈ ವಯಸ್ಸಲ್ಲಿ ಶುರು ಮಾಡಬಹುದಾ?

ಖಂಡಿತ ಮಾಡಿ ಸರ್, ಈ ಹವ್ಯಾಸ ಕೇಳೋದು ಹಣಕ್ಕಿಂತ ಹೆಚ್ಚಾಗಿ ಬಿಡುವು, ಅದು ನಿಮ್ಮ ಹತ್ರ ಇದೆ. ಪುಟಾಣಿ ಟ್ಯಾಂಕ್ ಸುಲಭ ಅಂದ್ಕೋಬೇಡಿ, ನೀರು ಕಮ್ಮಿ ಇದ್ದಷ್ಟೂ ಬೇಗ ಏರುಪೇರಾಗತ್ತೆ, 150-200 ಲೀಟರ್ ಇರ್ಲಿ. ಆದ್ರೆ 20 ಲೀಟರ್ ಬಕೆಟ್ ಅಂದ್ರೆ 20 ಕೆಜಿ ಮೇಲೆ, ಸೊಂಟಕ್ಕೆ ಕಷ್ಟ, ಪೈಪು ಮತ್ತು ಸಣ್ಣ ಪಂಪ್ ಇಟ್ಕೊಂಡು ನೀರು ಬದಲಾಯಿಸಿ. ಕರೆಂಟ್ ಹೋದಾಗ ಓಡೋಕೆ ಬ್ಯಾಟರಿ ಏರ್ ಪಂಪ್ ಬೇಕೇ ಬೇಕು, ಮೊದಲು ಕೈಕೊಡೋದು ಆಕ್ಸಿಜನ್. ಶುರೂಗೆ ಲೆದರ್ ಕೋರಲ್, ಮಶ್ರೂಮ್ ಥರದ ಮೆತ್ತನೆ ಹವಳ ಸಾಕು. ಕ್ಲೌನ್ ಮೀನು ಚೆನ್ನಾಗಿ ನೋಡ್ಕೊಂಡ್ರೆ 20 ವರ್ಷನೂ ಬದುಕತ್ತೆ, ಹಾಗಾಗಿ ಟ್ಯಾಂಕ್ ನಡೆಸೋದು ಗೊತ್ತಿರೋ ಇನ್ನೊಬ್ಬರು, ಮೊಮ್ಮಗಳೋ ಪಕ್ಕದ ಮನೆ ಹುಡುಗನೋ, ಜೊತೆಗಿದ್ರೆ ಒಳ್ಳೇದು, ನೀವು ಊರಿಗೆ ಹೋದಾಗ ಆವಿಯಾದ ನೀರು ತುಂಬಿಸೋಕಾದ್ರೂ ಆಗತ್ತೆ. ಮೊದಲ ತಿಂಗಳು ಮೀನು ಬೇಡ, ಬರೀ ನೀರು ಮತ್ತು ಕಲ್ಲು. ಟೆಸ್ಟ್ ಕಿಟ್ ಓದೋದು ಆ ತಿಂಗಳಲ್ಲಿ ಕಲೀರಿ, ಬಣ್ಣ ಹೋಲಿಸಿ ನೋಡೋಕೆ ಕಣ್ಣು ಕಷ್ಟ ಆದ್ರೆ ನಂಬರ್ ತೋರಿಸೋ ಡಿಜಿಟಲ್ ಮೀಟರ್ ಸಿಗತ್ತೆ.