ಮೈಲುತುತ್ತ ಉಪ್ಪಾ, ಆಸಿಡ್ಡಾ?

ಪ್ರಶ್ನೆ: ಮುಂಗಾರಿಗೆ ಮುಂಚೆ ನಮ್ಮ ತೋಟದ ಕಾಫಿಗೂ ಕರಿಮೆಣಸಿಗೂ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಹೊಡೆಸುತ್ತೇವೆ. ಈ ಸಲ ಸುಣ್ಣ ಕಡಿಮೆಯಾಯಿತೋ ಏನೋ, ಮೆಣಸಿನ ಎಳೆ ಎಲೆಗಳು ಸುಟ್ಟ ಹಾಗಾಗಿವೆ. ‘ಮೈಲುತುತ್ತ ಅಂದ್ರೆ ಆಸಿಡ್ಡು, ಸುಣ್ಣ ಹಾಕಿಯೇ ಅದರ ಖಾರ ಇಳಿಸಬೇಕು’ ಎನ್ನುತ್ತಾರೆ ಮೇಸ್ತ್ರಿ. ಸೆಕೆಂಡ್ ಪಿಯುಸಿ ಓದುವ ಮಗಳು ‘ಅದು ಉಪ್ಪು ಅಮ್ಮ, ಆಸಿಡ್ ಅಲ್ಲ’ ಎಂದು ವಾದಕ್ಕೆ ನಿಲ್ಲುತ್ತಾಳೆ. ಯಾರು ಸರಿ? (ಓದುಗರು, ವಿರಾಜಪೇಟೆ)

ಉತ್ತರ: ಇಬ್ಬರೂ ಸರಿ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಉಪ್ಪೇ. ಆದರೆ ನೀರಿಗೆ ಬಿದ್ದಾಗ ಹುಳಿಯಾಗುವ ಉಪ್ಪು. ಅದರ ದ್ರಾವಣಕ್ಕೆ ನೀಲಿ ಲಿಟ್ಮಸ್ ಅದ್ದಿದರೆ ಕೆಂಪಾಗುತ್ತದೆ. ಹುಳಿಯ ಅಳತೆಯಾದ ಪಿಎಚ್ ಸುಮಾರು 4 (7 ಅಂದರೆ ಸಮ, ಅದಕ್ಕಿಂತ ಕಡಿಮೆಯಾದಷ್ಟೂ ಹುಳಿ).

ಉಪ್ಪು ಅಂದ ಕೂಡಲೇ ನಮಗೆ ಅಡುಗೆ ಉಪ್ಪು ನೆನಪಾಗುತ್ತದೆ, ಅಲ್ವಾ? ಅದು ಪ್ರಬಲ ಆಮ್ಲ, ಪ್ರಬಲ ಪ್ರತ್ಯಾಮ್ಲ ಸೇರಿ ಹುಟ್ಟಿದ್ದು. ನೀರಿನಲ್ಲಿ ಯಾರ ತಂಟೆಗೂ ಹೋಗುವುದಿಲ್ಲ, ಪಿಎಚ್ 7. ಮೈಲುತುತ್ತದ ಕತೆ ಬೇರೆ. ಅದರ ಒಂದು ಕಡೆ ಸಲ್ಫ್ಯೂರಿಕ್ ಆಮ್ಲ, ಭಾರಿ ಗಟ್ಟಿ. ಇನ್ನೊಂದು ಕಡೆ ತಾಮ್ರದ ಹೈಡ್ರಾಕ್ಸೈಡ್, ದುರ್ಬಲ. ನೀರಿನಲ್ಲಿ ತಾಮ್ರದ ಅಯಾನು (ವಿದ್ಯುದಾವೇಶ ಹೊತ್ತ ಕಣ) ಸುತ್ತಲಿನ ನೀರಿನ ಕಣಗಳನ್ನು ತನ್ನತ್ತ ಬಲವಾಗಿ ಎಳೆಯುತ್ತದೆ. ಆ ಎಳೆತಕ್ಕೆ ಕೆಲವು ಕಣಗಳಿಂದ ಹೈಡ್ರೋಜನ್ ಅಯಾನು ಕಳಚಿಕೊಳ್ಳುತ್ತದೆ. ಹುಳಿ ಬರುವುದು ಅಲ್ಲಿಂದ. ಮಗಳ ಪಾಠದಲ್ಲಿ ಇದಕ್ಕೆ ಜಲವಿಭಜನೆ ಎಂಬ ಹೆಸರಿದೆ.

ಆದರೆ ಎಲೆ ಸುಟ್ಟದ್ದಕ್ಕೆ ಬರೀ ಹುಳಿಯನ್ನು ಬೈದರೆ ತಪ್ಪು. ಜಾಸ್ತಿ ಸುಡುವುದು ನೀರಿನಲ್ಲಿ ಬಿಡಿಯಾಗಿ ಉಳಿದ ತಾಮ್ರ. ಸುಣ್ಣ ಹಾಕಿದಾಗ ಹುಳಿಯೂ ಹೋಗುತ್ತದೆ, ತಾಮ್ರವೂ ಆಕಾಶನೀಲಿ ಗಸಿಯಾಗಿ ಕೂರುತ್ತದೆ. ಶೇ 1ರ ಬೋರ್ಡೋಗೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ ಎಂಬ ಲೆಕ್ಕ ನಿಮ್ಮ ಮೇಸ್ತ್ರಿಗೂ ಬಾಯಿಪಾಠ ಇರುತ್ತದೆ. ಎಡವಟ್ಟಾಗುವುದು ಸುಣ್ಣ ಹಳೆಯದಾದಾಗ. ಚೀಲ ಬಿಚ್ಚಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಸೀಮೆಸುಣ್ಣದಂತಾಗುತ್ತದೆ. ತೂಕದಲ್ಲಿ ಕಿಲೋ, ಕೆಲಸದಲ್ಲಿ ಅರ್ಧ ಕಿಲೋ!

ಅದಕ್ಕೇ ಕತ್ತಿ ಪರೀಕ್ಷೆ ಬಿಡಬೇಡಿ. ತುಕ್ಕಿಲ್ಲದ, ಚೆನ್ನಾಗಿ ಉಜ್ಜಿದ ಕತ್ತಿಯನ್ನು ಡ್ರಮ್ಮಿನೊಳಗೆ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಕೂತಿದ್ದರೆ ಅದು ತಾಮ್ರ. ಇನ್ನಷ್ಟು ಸುಣ್ಣದ ತಿಳಿ ಹಾಕಿ, ಕಲಕಿ, ಮತ್ತೆ ಅದ್ದಿ. ಅಲಗು ಹಾಗೇ ಹೊಳೆಯುವವರೆಗೆ ಪಂಪಿಗೆ ತುಂಬಬೇಡಿ. ಕಬ್ಬಿಣದ ಡ್ರಮ್ಮಿನಲ್ಲಿ ಬೆರೆಸಲೇಬೇಡಿ. ಕತ್ತಿಗೆ ಆದದ್ದೇ ಡ್ರಮ್ಮಿಗೂ ಆಗುತ್ತದೆ.

ಪ್ರಶ್ನೆ: ನಮ್ಮ ಕೊಡಗಿನ ಅಡುಗೆಯ ಹುಳಿ ಕಾಚಂಪುಳಿಯಲ್ಲಿರುವುದು ದುರ್ಬಲ ಆಮ್ಲ ಎಂದು ಓದಿದೆ. ಒಂದು ಚಮಚ ಜಾಸ್ತಿ ಬಿದ್ದರೆ ಇಡೀ ಪಂದಿಕರಿ (ಹಂದಿ ಮಾಂಸದ ಸಾರು) ಬಾಯಿಗಿಡಲಾಗದಷ್ಟು ಹುಳಿ. ಇದೆಂಥ ದುರ್ಬಲ? (ಓದುಗರು, ಗೋಣಿಕೊಪ್ಪ)

ಉತ್ತರ: ದುರ್ಬಲ ಎಂದರೆ ತೆಳು ಎಂದಲ್ಲ. ಜಿಪುಣ ಎಂದು. ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಇರುತ್ತಾರಲ್ಲ, ದುರ್ಬಲ ಆಮ್ಲವೂ ಹಾಗೇ. ವಿನೆಗರ್‌ನ ಅಸಿಟಿಕ್ ಆಮ್ಲವನ್ನೇ ನೋಡಿ. ಲೀಟರಿಗೆ 0.1 ಮೋಲ್ ಇರುವ ದ್ರಾವಣದಲ್ಲಿ ನೂರು ಕಣಗಳಲ್ಲಿ ಒಂದೋ ಎರಡೋ ಮಾತ್ರ ತಮ್ಮ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟಿರುತ್ತವೆ. ಉಳಿದವು ಗಂಟು ಬಿಚ್ಚಿರುವುದಿಲ್ಲ. ಹಾಗಿದ್ದೂ ಪಿಎಚ್ 2.9. ಇನ್ನು ಕಾಚಂಪುಳಿಗೆಂದು ಪಣಪುಳಿ ಹಣ್ಣಿನ ರಸವನ್ನು ಕಪ್ಪಗೆ, ಮಂದವಾಗುವವರೆಗೆ ಕುದಿಸಿ ಬತ್ತಿಸಿದರೆ ಗಂಟು ಎಷ್ಟು ದೊಡ್ಡದಾಗಬೇಡ! ಬಿಟ್ಟ ಅಯಾನು ಖರ್ಚಾದಂತೆ ಗಂಟಿನಿಂದ ಇನ್ನಷ್ಟು ಹೊರಬರುತ್ತದೆ. ಆದ್ದರಿಂದ ಹುಳಿಯನ್ನು ಪೂರ್ತಿ ಕೊಲ್ಲಲು ಪ್ರಬಲ ಆಮ್ಲಕ್ಕೆ ಬೇಕಾದಷ್ಟೇ ಸೋಡಾ ಇದಕ್ಕೂ ಬೇಕು.

ಜಿಪುಣನಿಗೆ ಇನ್ನೊಂದು ಗುಣವೂ ಇದೆ. ಕೊಡಲು ಹಿಂದೆಮುಂದೆ, ಕಸಿಯಲು ಮುಂದೆ. ಹಾಗಾಗಿ ದುರ್ಬಲ ಆಮ್ಲದ ಉಪ್ಪು ನೀರಿನಿಂದಲೇ ಹೈಡ್ರೋಜನ್ ಕಿತ್ತುಕೊಂಡು ದ್ರಾವಣವನ್ನು ಪ್ರತ್ಯಾಮ್ಲವಾಗಿಸುತ್ತದೆ. ಕೋಳಿ ಸಾರು ಚೆಲ್ಲಿದ ಬಿಳಿ ಅಂಗಿಗೆ ಬಾರ್ ಸೋಪು ತಿಕ್ಕಿದಾಗ ಅರಿಶಿನದ ಕಲೆ ಕೆಂಪಾಗುವುದನ್ನು ನೋಡಿಲ್ಲವೇ? ಸೋಪು ಅಂಥದ್ದೇ ಉಪ್ಪು. ಮದುವೆ ಮನೆಯೊಂದರಲ್ಲಿ ನನ್ನ ಅಂಗಿಗೆ ಹೀಗಾಗಿ, ರಕ್ತ ಎಂದುಕೊಂಡು ನೆಂಟರೊಬ್ಬರು ಗಾಬರಿಯಾಗಿದ್ದರು. ಸುಮ್ನೆ ನಿಂಬೆ ಹಿಂಡಿದೆ, ಮತ್ತೆ ಹಳದಿ. ಕಲೆ ಮಾತ್ರ ಹೋಗಲಿಲ್ಲ.

ಪ್ರಶ್ನೆ: ಅಮೋನಿಯಂ ಸಲ್ಫೇಟ್ ಹಾಕಿದರೆ ಮಣ್ಣು ಹುಳಿಯಾಗುವುದೂ ಮೈಲುತುತ್ತದ ಕಾರಣಕ್ಕೇನಾ? (ಓದುಗರು, ಸುಂಟಿಕೊಪ್ಪ)

ಉತ್ತರ: ಸ್ವಲ್ಪ ಮಟ್ಟಿಗೆ. ಅಮೋನಿಯ ದುರ್ಬಲ ಪ್ರತ್ಯಾಮ್ಲ, ಹಾಗಾಗಿ ಈ ಗೊಬ್ಬರದ ನೀರು ಸ್ವಲ್ಪ ಹುಳಿಯೇ. ಆದರೆ ತೋಟದಲ್ಲಿ ದೊಡ್ಡ ಪಾಲು ಮಣ್ಣಿನ ಬ್ಯಾಕ್ಟೀರಿಯಾಗಳದ್ದು. ಅವು ಅಮೋನಿಯಂ ಅನ್ನು ನೈಟ್ರೇಟ್ ಮಾಡುವಾಗ ಒಂದೊಂದು ಅಯಾನಿಗೆ ಎರಡು ಹೈಡ್ರೋಜನ್ ಅಯಾನು ಬಿಡುತ್ತವೆ. ಅದರ ಮೇಲೆ ನಮ್ಮ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಕೊಂಡು ಹೋಗುತ್ತದೆ.

ಹುಳಿ ಇಳಿಸಲು ಸುಣ್ಣ ಹಾಕುವುದು ಸರಿ. ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಿ. ಆದರೆ ಈ ಗೊಬ್ಬರವನ್ನೂ ಸುಣ್ಣವನ್ನೂ ಒಂದೇ ದಿನ ಹಾಕಬೇಡಿ. ನಂಬಿಕೆ ಬಾರದಿದ್ದರೆ ಒಂದು ಚಿಟಿಕೆ ಗೊಬ್ಬರಕ್ಕೆ ಒದ್ದೆ ಸುಣ್ಣ ಬೆರೆಸಿ, ಕೈ ಬೀಸಿ ಸ್ವಲ್ಪ ಗಾಳಿ ಮೂಗಿನತ್ತ ತಂದುಕೊಳ್ಳಿ. ಪ್ರಬಲ ಸುಣ್ಣ ದುರ್ಬಲ ಅಮೋನಿಯವನ್ನು ಹೊರಗಟ್ಟುತ್ತದೆ. ಮೂಗಿಗೆ ಅಡರುವ ಆ ಘಾಟೇ ನೀವು ದುಡ್ಡು ಕೊಟ್ಟು ತಂದ ಸಾರಜನಕ. ಎರಡರ ನಡುವೆ ಕೆಲವು ವಾರ ಬಿಡಿ.